ಸುಣ್ಣದ ತಿಳಿ, ಹತ್ತು ಹನಿ

ಕಾಂಪೌಂಡರ ಬಲಗೈಯ ಮೂರು ಬೆರಳು ಅಯೋಡಿನ್ ಹತ್ತಿ ಹತ್ತಿ ಸೀದ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಆ ಬೆರಳಲ್ಲೇ ನಾಡಿ ಹಿಡಿಯುತ್ತಿದ್ದರು. ಅವರಿಗೆ ಹೇಳದೆ ಕುಡಿಸಿದ ಸುಣ್ಣದ ತಿಳಿಗೆ ನಾನು ತೆತ್ತದ್ದು ಅವ್ವನನ್ನು. ಅವರು ತೆತ್ತದ್ದು ಮದ್ದೂರಿನಲ್ಲಿ ಇಪ್ಪತ್ತು ವರ್ಷ ಗಳಿಸಿದ್ದ ಹೆಸರನ್ನು.

ಯುದ್ಧದ ಕಾಲ. ನಾನು ಸೋಮನಹಳ್ಳಿ ಕಡೆ ಆಲೆಮನೆ ನಡೆಸಿ ಮಂಡ್ಯದಲ್ಲಿ ಬೆಲ್ಲ ಮಾರುತ್ತಿದ್ದೆ. ಓದು ಕಡಿಮೆ; ಚೌಕಾಸಿಯಲ್ಲಿ ಮಾತ್ರ ಯಾರಿಗೂ ಸೋತವನಲ್ಲ. ಅವರು ಮದ್ದೂರಿನ ಡಾಕ್ಟರೊಬ್ಬರ ಬಳಿ ಕಾಂಪೌಂಡರು. ಬರೆದ ಔಷಧಿ ಕಲಸಿ ಕೊಡುವುದಷ್ಟೇ ಕೆಲಸ. ಆದರೂ ಸೀಸೆ ಕೈಗಿಡುವ ಮೊದಲು, ‘ಬೇರೆ ಏನೇನು ಒಳಕ್ಕೋಗ್ತಾ ಅದೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ.

‘ಮದ್ದು ಕೊಡಿ ಅಂದ್ರೆ ಸಂಬಂಧ ನೋಡಕ್ಕೆ ಬಂದಂಗೆ ಕೇಳ್ತೀರಲ್ಲ ಸ್ವಾಮಿ’ ಎಂದು ಒಮ್ಮೆ ರೇಗಿದ್ದೆ.

‘ಸಂಬಂಧವೇ ಕಣಪ್ಪ. ಒಟ್ಟೆ ಒಳಗೆ ಯಾರ ಜತೆ ಯಾರು ಸೇರ್ತಾರೆ ಅಂತ ಗೊತ್ತಾಗ್ಬೇಕಲ್ಲ.’

ಅವ್ವನ ಎದೆ ಸೋತು ಕಾಲು ಬಾತಾಗ ಡಾಕ್ಟರು ಡಿಜಿಟಾಲಿಸ್ ಬರೆದರು. ಯಾವುದೋ ಸೀಮೆ ಗಿಡದ ಎಲೆಯ ಸಾರ, ಹೊತ್ತಿಗೆ ಹತ್ತು ಹನಿ. ‘ಇದು ಎದೆಗೆ ಚಾಟಿ’ ಎಂದರು ಕಾಂಪೌಂಡರು. ‘ಓಕರಿಕೆ ಬಂದ್ರೆ ನಿಲ್ಸಿ ನನ್ ತಾವ್ಕೆ ಬಾ. ಸುಣ್ಣ ಮುಟ್ಟಿಸ್ಬೇಡ. ಅದೂ ಇದೂ ಒಂದೇ ಕಡೆ ಎಳೀತವೆ, ಚಾಟಿ ಎರಡಾಗ್ತದೆ.’

ಕಾಲಿನ ಬಾವು ಇಳಿಯಿತು. ಆಮೇಲೆ ಓಕರಿಕೆ ಶುರುವಾಯಿತು. ‘ಉಳಿ ತೇಗು ಕಣ್ಲಾ ಮಗ, ದೀಪ ಎಲ್ಲಾ ಅಳದಿಯಾಗ್ ಕಾಣ್ತದೆ’ ಎಂದಳು ಅವ್ವ. ಹುಳಿ ಎಂಬುದೊಂದೇ ನನ್ನ ತಲೆಗೆ ಹೋಯಿತು. ಕಬ್ಬಿನ ಹಾಲು ಹುಳಿಯಾಗಿದ್ದರೆ ಕೊಪ್ಪರಿಗೆಗೆ ಸುಣ್ಣದ ತಿಳಿ ಬಿಡುತ್ತೇವೆ. ಹುಳಿ ಸತ್ತು ಬೆಲ್ಲ ಗಟ್ಟಿಯಾಗುತ್ತದೆ. ಅವರು ಬೇಡ ಎಂದದ್ದು ಸುಣ್ಣ, ಇದು ಬರೀ ತಿಳಿ, ಏನಾದೀತು ಎಂದುಕೊಂಡು ಅವ್ವನಿಗೂ ಅದನ್ನೇ ಕುಡಿಸಿದೆ. ಹನಿಯನ್ನೂ ನಿಲ್ಲಿಸಲಿಲ್ಲ.

ಸೀಸೆ ತುಂಬಿಸಲು ಹೋದಾಗ ಅವರು ಕೇಳಿದರು:

‘ಬೇರೆ ಏನಾರ ಕೊಟ್ಟಾ?’

‘ಇಲ್ಲ ಸ್ವಾಮಿ.’

‘ಓಕರಿಕೆ?’

‘ಇಲ್ಲ.’

ಇದೆ ಎಂದರೆ ಔಷಧಿ ನಿಲ್ಲಿಸುತ್ತಾರೆ, ಕಾಲು ಮತ್ತೆ ಬಾಯುತ್ತದೆ ಎಂಬ ಭಯ. ಅವರ ಹತ್ತಿರವೂ ಚೌಕಾಸಿ ಮಾಡಿದೆ.

ಸೀಸೆ ತಂದ ನಾಲ್ಕನೆಯ ದಿನ ಅವ್ವನ ನಾಡಿ ತಡೆದು ತಡೆದು ಬಡಿಯಿತು. ಗಾಡಿ ಕಟ್ಟುವಷ್ಟರಲ್ಲಿ ನಿಂತೇ ಹೋಯಿತು. ‘ಕಾಂಪೌಂಡ್ರು ಅನಿ ಎಚ್ಚಾಕಿ ಕೊಂದ್ರು’ ಎಂದಿತು ಊರು. ನಾನು ಅಲ್ಲ ಎನ್ನಲಿಲ್ಲ. ಡಾಕ್ಟರು ಅವರನ್ನು ಕೆಲಸದಿಂದ ಬಿಡಿಸಿದರು.

ಊರು ಬಿಡುವ ಮೊದಲು ಆಲೆಮನೆಗೆ ಬಂದರು. ಕೊಪ್ಪರಿಗೆ ಪಕ್ಕದ ಸುಣ್ಣದ ಮಡಕೆ ನೋಡಿದರು, ನನ್ನ ಮುಖ ನೋಡಿದರು.

‘ಎಷ್ಟು ಕುಡ್ಸಿದೆ?’

‘ದಿನಾ ಎರಡು ಲೋಟ.’

‘ಅವತ್ತೇ ಅಂದಿದ್ರೆ ಉಳಿಸ್ಕೋಬೋದಿತ್ತೇನೋ ಕಣಪ್ಪ.’

ಅಷ್ಟೇ. ಊರವರ ಮುಂದೆ ಅವರು ಬಾಯಿ ಬಿಡಲಿಲ್ಲ. ಮಳವಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಅದೇ ಬೆರಳಲ್ಲಿ ಗಜ ಅಳೆಯುತ್ತಾ ಸತ್ತರು. ನಾನು ನಿಜ ಹೇಳಿದ್ದು ಅವರ ಹೆಣ ಎತ್ತಿದ ಮೇಲೆ. ಆಗ ಅದು ಯಾರಿಗೂ ಬೇಕಿರಲಿಲ್ಲ.

ನಿಮ್ಮ ಮನೆಯಲ್ಲಿ ಎದೆಯ ಔಷಧಿ ಕುಡಿಯುವವರಿದ್ದರೆ ಕೇಳಿ: ಓಕರಿಕೆ ಬಂದರೆ, ಬೆಳಕು ಹಳದಿಯಾಗಿ ಕಂಡರೆ, ನಿಮ್ಮ ಕಸುಬಿನ ಬುದ್ಧಿ ಓಡಿಸಬೇಡಿ. ಸೀಸೆ ಹಿಡಿದು ಡಾಕ್ಟರ ಹತ್ತಿರ ಓಡಿ. ಬೇರೆ ಏನು ಕೊಟ್ಟಿರಿ ಎಂದು ಕೇಳಿದರೆ, ಹೇಳಲು ನಾಚಿಕೆಯಾಗುವುದನ್ನೇ ಮೊದಲು ಹೇಳಿ.