ಎಡಗೈ ಗೌಂಡಿಯ ಗೋಡೆಗಳನ್ನು ಹುಡುಕಿಕೊಂಡು

ಆ ಭಾನುವಾರ ಅಣ್ಣ ನನ್ನ ಅಂಗಡಿಯಲ್ಲಿ ಕೂತಿದ್ದ. ಕೂಡ್ಲಿಗಿ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ನನ್ನ ಟೈಲರ್ ಅಂಗಡಿ. ವಾರಕ್ಕೊಮ್ಮೆ ಬಂದು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಹೋಗಿಬರುವವರನ್ನು ಮಾತಾಡಿಸುವುದು ಅವನ ರೂಢಿ. ಹೆಸರು ಮಲ್ಲಪ್ಪ. ಗೌಂಡಿ ಕೆಲಸ, ಇಟ್ಟಿಗೆ ಕಟ್ಟುವುದು, ಗೋಡೆಗೆ ಸಿಮೆಂಟ್ ಬಳಿದು ಗಿಲಾವು ಮಾಡುವುದು. ಎಡಗೈಯವನು.

ನಮ್ಮ ಕಡೆ ಗೃಹಪ್ರವೇಶದ ದಿನ ಮನೆ ಕಟ್ಟಿದ ಗೌಂಡಿಯನ್ನು ಕರೆದು ಆಯೇರಿ ಮಾಡುತ್ತಾರೆ. ಒಂದು ಟವೆಲ್, ಒಂದು ಶರ್ಟ್ ಪೀಸು, ಎಲೆ, ಅಡಿಕೆ. ಅಣ್ಣ ಟವೆಲ್ಲುಗಳನ್ನು ಬಳಸುತ್ತಿದ್ದ. ಶರ್ಟ್ ಪೀಸುಗಳನ್ನು ಮಾತ್ರ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಇಡುತ್ತಿದ್ದ.

"ಅವನ್ನೆಲ್ಲ ತಂದುಕೊಡೋ ಅಣ್ಣ, ಪುಕ್ಕಟೆ ಹೊಲಿದು ಕೊಡ್ತೀನಿ. ಇಟ್ಟಲ್ಲೇ ನುಸಿ ತಿಂತಾವ" ಅಂದೆ.

"ಹೊಸ ಅಂಗಿ ತೊಟ್ಟು ಸಿಮೆಂಟ್ ಕಲಸ್ಲೇನ್ಲೇ? ಇರ್ಲಿ ಬಿಡು. ಕೈ ನಡುಗಾಕ ಹತ್ತಿದ ಮ್ಯಾಲ ಒಂದೊಂದ ಹೊಲಿ. ದಿನಾ ಒಂದು ಹೊಸ ಅಂಗಿ ತೊಟ್ಟು ಕಟ್ಟಿ ಮ್ಯಾಲ ಕುಂದರ್ತೀನಿ. ಮಾಸ್ತರ್ರಿಗೆ ಪಿಂಚಣಿ ಬರ್ತೈತಲ್ಲ, ಹಂಗ ನನಗ ಇದು" ಅಂದ.

ಸಂಜೆಗೆ ಎದ್ದು ಹೋದ. ಮರುದಿನ ಮೊದಲ ಬಸ್ಸಿಗೆ ಹರಪನಹಳ್ಳಿಗೆ ಕೆಲಸಕ್ಕೆ ಹೊರಟ. ಬುಧವಾರ ಮಧ್ಯಾಹ್ನ ಒಂದು ಮನೆಯ ಮೇಲಂತಸ್ತಿಗೆ ಗಿಲಾವು ಮಾಡುವಾಗ ನಿಂತಿದ್ದ ಸಾರವೆಯ ಮರ ಮುರಿದು ಬಿದ್ದ. ಉಳಿಯಲಿಲ್ಲ. ದೀಪಾವಳಿಗೆ ಹತ್ತು ದಿನವಿತ್ತು.

ನಾಲ್ಕು ತಿಂಗಳಾದ ಮೇಲೆ ಯಾರೋ ಹೇಳಿದರೆಂದು ಅತ್ತಿಗೆಯನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆ. ಕಟ್ಟಡ ಕೆಲಸದವರ ಮನೆಯವರಿಗೆ ನೆರವು ಕೊಡುವ ಏರ್ಪಾಡು ಹೊಸದಾಗಿ ಬಂದಿತ್ತು. ಅಣ್ಣನ ಹೆಸರು ಅಲ್ಲಿ ನೋಂದಣಿಯಾಗಿರಲಿಲ್ಲ. ಗುಮಾಸ್ತರು ಒಳ್ಳೆಯವರು. ಒಂದು ಫಾರಮ್ ಕೊಟ್ಟು, "ನೋಂದಣಿ ಇಲ್ಲಂದ್ರೂ ಮ್ಯಾಲಕ್ಕೆ ಕಳಿಸಿ ನೋಡೋಣು. ಆದ್ರ ಕೆಲಸ ಕೊಟ್ಟವರ ಹೆಸರು, ಸಹಿ ಬೇಕು. ತೊಂಬತ್ತು ದಿನ ದುಡಿದಾನ ಅಂತ ಅವರು ಬರಕೊಡಬೇಕು. ತಿಂಗಳ ಕೊನಿಯೊಳಗ ತರ್ರಿ" ಅಂದರು. ಅಣ್ಣ ಇಪ್ಪತ್ತೆರಡು ವರ್ಷ ದುಡಿದಿದ್ದ. ತೊಂಬತ್ತು ದಿನಕ್ಕೆ ಸಹಿ ಸಿಗದೇ ಹೋದೀತೇ ಅಂದುಕೊಂಡೆ.

ಅತ್ತಿಗೆ ಹನುಮಕ್ಕ ಟ್ರಂಕು ತೆರೆದಳು. ಏಳು ಪೀಸುಗಳಿದ್ದವು. ಎರಡರ ಜೊತೆ ಗೃಹಪ್ರವೇಶದ ಕಾರ್ಡುಗಳಿದ್ದವು, ಅರಿಶಿನ ಹಚ್ಚಿದವು. ಒಂದು ಕೊಟ್ಟೂರಿನದು, ಇನ್ನೊಂದು ಹಡಗಲಿಯದು. ಅಣ್ಣನ ಗುಂಪಿನ ಮೇಸ್ತ್ರಿ ಇಮಾಮ್ ಸಾಬ್ ಹಗರಿಬೊಮ್ಮನಹಳ್ಳಿಯವರೆಂದು ಅವಳಿಗೆ ಗೊತ್ತಿತ್ತು. ಅಣ್ಣ ಬಿದ್ದ ಹರಪನಹಳ್ಳಿಯ ಮನೆ ನನಗೇ ಗೊತ್ತಿತ್ತು. ನಾಲ್ಕು ಊರು, ಎರಡು ದಿನ. ಅದು ಹುಣಸೆಹಣ್ಣಿನ ಕಾಲ. ಅತ್ತಿಗೆ ಹಣ್ಣು ಬಡಿದು ಬೀಜ ತೆಗೆಯುವ ಕೂಲಿಗೆ ಹೋಗುತ್ತಿದ್ದಳು. ಕಿಲೋ ಲೆಕ್ಕದ ಕೂಲಿ, ಬಿಟ್ಟರೆ ಇಲ್ಲ. ಹಾಗಾಗಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ನನ್ನೊಬ್ಬನನ್ನೇ ಕಳಿಸಿದಳು.

ಕೊಟ್ಟೂರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಹನ್ನೆರಡು ರೂಪಾಯಿ ಟಿಕೆಟ್. ಬೆಳಗಿನ ಚಳಿ ಇನ್ನೂ ಇತ್ತು. ಕಾರ್ಡಿನಲ್ಲಿದ್ದ ಮನೆ ಒಬ್ಬ ದಿನಸಿ ವ್ಯಾಪಾರಿಯದು. ನಾನು ಬಾಗಿಲು ತಟ್ಟುವ ಮೊದಲು ಪಕ್ಕದ ಸಂದಿಗೆ ಹೋಗಿ ಗೋಡೆ ನೋಡಿದೆ. ಅಲ್ಲಿ ಬಣ್ಣ ಹೊಡೆದಿರಲಿಲ್ಲ. ಗಿಲಾವು ಉಜ್ಜುವಾಗ ಕೈ ಕಮಾನಿನ ಹಾಗೆ ತಿರುಗುತ್ತದೆ, ಅದರ ಗೆರೆ ಗೋಡೆಯ ಮೇಲೆ ಉಳಿಯುತ್ತದೆ. ಬಲಗೈಯವರ ಗೆರೆ ಒಂದು ಕಡೆ ಬಾಗಿದರೆ ಅಣ್ಣನದು ಇನ್ನೊಂದು ಕಡೆ. ಅವನೇ ಒಮ್ಮೆ ತೋರಿಸಿದ್ದ. ಇಲ್ಲಿ ಗೆರೆಗಳು ಅವನ ಕಡೆಗೇ ಬಾಗಿದ್ದವು. ಕೈ ಇಟ್ಟೆ. ತಣ್ಣಗಿತ್ತು.

"ಯಾರಪಾ ಅದು, ಗ್ವಾಡಿ ಮುಟ್ಟಿ ನೋಡ್ತಿ?" ಅಂತ ಒಳಗಿನಿಂದ ಮುದುಕಿಯೊಬ್ಬಳು ಬಂದಳು. ಯಜಮಾನರ ತಾಯಿ. ಅಣ್ಣನ ಸುದ್ದಿ ಹೇಳಿದೆ. "ಎಡಗೈ ಗೌಂಡಿ! ನಮ್ಮ ಬಚ್ಚಲಾಗ ನೀರು ನಿಂತಿತ್ತು ಅಂತ ಯಾರೂ ಹೇಳೋ ಮೊದ್ಲೇ ಕಿತ್ತು ಮತ್ತ ಮಾಡಿದ್ನಪಾ. ಹೋಗ್ಯಾನೇನು?" ಅಂದಳು. ನನ್ನನ್ನು ಕೈಹಿಡಿದು ಕರೆದೊಯ್ದು ಬಚ್ಚಲು ತೋರಿಸಿದಳು. ಒಂದು ಚೊಂಬು ನೀರು ಹಾಕಿ, "ನೋಡು, ಹೆಂಗ ಓಡ್ತೈತಿ" ಅಂದಳು. ನೀರು ಓಡಿತು.

ಯಜಮಾನರು ಬಂದು ಫಾರಮನ್ನು ಎರಡು ಸಲ ಓದಿದರು. "ನೋಡ್ರಿ, ನಾವು ಕೆಲಸ ಕೊಟ್ಟವರಲ್ಲ. ನಾವು ಮೇಸ್ತ್ರಿಗೆ ಗುತ್ತಿಗಿ ಕೊಟ್ಟಿದ್ವಿ. ನಿಮ್ಮ ಅಣ್ಣಗ ಕೆಲಸ ಕೊಟ್ಟವನು ಮೇಸ್ತ್ರಿ. ಅವನ ಸಹಿ ಇಸ್ಕೊಳ್ರಿ" ಅಂದರು. ಮಾತು ಸರಿಯಾಗಿಯೇ ಇತ್ತು. ಚಹಾ ಕುಡಿಸಿ ಕಳಿಸಿದರು.

ಹಗರಿಬೊಮ್ಮನಹಳ್ಳಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ನಿಲ್ದಾಣದ ಎದುರು ಮಂಡಕ್ಕಿ, ಎರಡು ಮಿರ್ಚಿ ತಿಂದೆ. ಕೇಳಿಕೊಂಡು ಹೋದರೆ ಇಮಾಮ್ ಸಾಬ್ ಒಂದು ಗೋದಾಮಿನ ಗೋಡೆ ಕಟ್ಟಿಸುತ್ತಿದ್ದರು. ಕಟ್ಟಿಸುತ್ತಿದ್ದರು ಅನ್ನುವುದು ತಪ್ಪು. ಕರಣೆ ಹಿಡಿದು ತಾವೂ ಕಟ್ಟುತ್ತಿದ್ದರು. ಊಟದ ಹೊತ್ತು. ಗಂಡಾಳು ಹೆಣ್ಣಾಳು ಸೇರಿ ಒಂಬತ್ತು ಜನ ನೆರಳಿಗೆ ಕೂತರು.

"ಮಲ್ಲಪ್ಪನ ತಮ್ಮ ಅಲ್ಲೇನ್ರಿ? ಮಾರಿ ಅದ ಐತಿ. ಕೈ ಯಾವುದು ನಿಮ್ಮದು?" ಅಂತ ಇಮಾಮ್ ಸಾಬ್ ಕೇಳಿದರು.

"ಬಲಗೈರಿ."

"ಹಂಗಾದ್ರ ನಮಗ ಉಪಯೋಗ ಇಲ್ಲ ಬಿಡ್ರಿ" ಅಂದರು. ಎಲ್ಲರೂ ನಕ್ಕರು. ಆಮೇಲೆ ಇಮಾಮ್ ಸಾಬರೇ ವಿವರಿಸಿದರು: ಗೋಡೆಯ ಒಂದು ಮೂಲೆ ಬಲಗೈಗೆ ಸಲೀಸು, ಇನ್ನೊಂದು ಮೂಲೆಯಲ್ಲಿ ಬಲಗೈ ತೊಡಕುತ್ತದೆ. ಆ ಮೂಲೆ ಯಾವಾಗಲೂ ಅಣ್ಣನದು. ಈಗ ಪ್ರತಿ ಕೋಣೆಗೂ ಅರ್ಧ ತಾಸು ಹೆಚ್ಚು ಹಿಡಿಯುತ್ತದೆ.

ನನಗೆ ಕೂಲಿಯ ಬಗ್ಗೆ ತಿಳಿಯುವ ಆಸೆ. ಅಣ್ಣ ಇದ್ದಾಗ ಕೇಳಿರಲಿಲ್ಲ. ಗೌಂಡಿಗೆ ದಿನಕ್ಕೆ ಇನ್ನೂರು, ಕಲಸಿದ್ದನ್ನು ಹೊರುವ ಹೆಣ್ಣಾಳಿಗೆ ಎಂಬತ್ತು. ಮಳೆ ಬಂದ ದಿನ ಇಲ್ಲ, ಸಿಮೆಂಟ್ ಬರದ ದಿನವೂ ಇಲ್ಲ. ಮೇಸ್ತ್ರಿಗೆ ಗೌಂಡಿಗಿಂತ ಐವತ್ತು ರೂಪಾಯಿ ಹೆಚ್ಚು, ಅಷ್ಟೇ. ಗುತ್ತಿಗೆ ಅನ್ನುವುದು ಬಾಯಿಮಾತಿನದು.

ಫಾರಮ್ ತೋರಿಸಿದೆ. "ಎಲ್ಲಾ ಊರಾಗೂ ಹೇಳ್ತಾರ, ಮೇಸ್ತ್ರಿ ಮಾಲಕ ಅಂತ" ಅಂದರು ಇಮಾಮ್ ಸಾಬ್. "ನಾನು ಮಾಲಕ ಅಂತ ಸಹಿ ಮಾಡಿದ್ರ ಈ ದುರುಗಮ್ಮ ಇವತ್ತ ನನ್ನ ಕೂಡ ಜಗಳ ತೆಗಿತಾಳ."

"ತೆಗಿದೇ ಬಿಡ್ತೀನೇನು? ಮಾಲಕ ಆದ್ರ ನನಗ ಒಂದು ಸೀರಿ ಕೊಡಸು ಮೊದ್ಲು!" ಅಂದಳು ದುರುಗಮ್ಮ, ಗಾರೆ ಹೊರುವ ಹೆಂಗಸು. ನಗುತ್ತಲೇ ನನ್ನ ಕಡೆ ತಿರುಗಿ, "ಅತ್ತಿಗಿ ಹೆಂಗದಾಳ್ರಿ? ಎರಡು ತಿಂಗಳು ಒಂಬತ್ತು ಮಂದಿ ಹತ್ತಾಳಿನ ಕೆಲಸ ಮಾಡಿವಿ. ನನ್ನ ಸೊಂಟ ಇನ್ನಾ ನೋಯ್ತೈತಿ" ಅಂದಳು.

"ಬಾಯಿ ಮುಚ್ಚಬೇ" ಅಂದರು ಇಮಾಮ್ ಸಾಬ್.

ಗುಟ್ಟು ಆಗಲೇ ಹೊರಬಿದ್ದಿತ್ತು. ಅಣ್ಣ ಸತ್ತ ಮೇಲೆ ಎರಡು ತಿಂಗಳು, ಶನಿವಾರಕ್ಕೊಮ್ಮೆ ಅತ್ತಿಗೆಯ ಕೈಗೆ ಒಂದಿಷ್ಟು ರೊಕ್ಕ ಬರುತ್ತಿತ್ತು. ಹರಪನಹಳ್ಳಿಯ ಮನೆಯವರು ಕಳಿಸುತ್ತಾರೆಂದು ನಾವು ತಿಳಿದಿದ್ದೆವು. ಇವರ ಗುಂಪಿನಲ್ಲಿ ಒಬ್ಬರು ಜ್ವರ ಬಂದು ಮಲಗಿದರೆ ಆಳಿನ ಲೆಕ್ಕದಿಂದ ಅವರನ್ನು ಬಿಡುವುದಿಲ್ಲ. ಉಳಿದವರು ಅವರ ಕೆಲಸವನ್ನೂ ಎಳೆದು ಪಾಲು ಎತ್ತಿಡುತ್ತಾರೆ. ಅಣ್ಣನಿಗೂ ಹಾಗೆಯೇ ಮಾಡಿದ್ದರು, ಜ್ವರ ಬಂದವನಿಗೆ ಮಾಡುವ ಹಾಗೆ.

"ಯಾಕ ಹೇಳ್ಲಿಲ್ರಿ?" ಅಂದೆ.

"ಕೂಲಿ ಮಂದಿ ರೊಕ್ಕ ಅಂದ್ರ ಆ ತಾಯಿ ಇಸ್ಕೊಂತಿದ್ಲೇನು? ಎರಡು ತಿಂಗಳ ಮ್ಯಾಲ ನಮ್ಮ ಕೈಲೆ ಆಗ್ಲಿಲ್ರಿ, ತಪ್ಪು ತಿಳ್ಕೋಬ್ಯಾಡ್ರಿ."

ಫಾರಮಿನಲ್ಲಿ ಮಾಲೀಕರ ಗೆರೆಯ ಮೇಲೆ ಅವರು ಸಹಿ ಹಾಕಲಿಲ್ಲ. "ಸುಳ್ಳಾಗತೈತಿ" ಅಂದರು. ಬದಲಿಗೆ ಒಂದು ಬಿಳಿ ಹಾಳೆಯ ಮೇಲೆ ನನ್ನಿಂದ ಬರೆಸಿದರು: ಮಲ್ಲಪ್ಪ ನಮ್ಮ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದ್ದಾನೆ. ಕೆಳಗೆ ಒಂಬತ್ತು ಜನ. ನಾಲ್ಕು ಸಹಿ, ಐದು ಹೆಬ್ಬೆಟ್ಟು. ದುರುಗಮ್ಮನ ಹೆಬ್ಬೆಟ್ಟಿನ ಜೊತೆ ಸಿಮೆಂಟೂ ಬಂತು. ಆ ರಾತ್ರಿ ಅಲ್ಲೇ ಪರಿಚಯದ ಒಬ್ಬ ಟೈಲರ್ ಮನೆಯಲ್ಲಿ ಉಳಿದೆ.

ಮರುದಿನ ಬೆಳಿಗ್ಗೆ ಹಡಗಲಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿ ಒದ್ದೆ ಬಟ್ಟೆಯ ಗಂಟಿತ್ತು. ಮಲ್ಲಿಗೆ ಮೊಗ್ಗಿನ ವಾಸನೆ. ಹೊತ್ತು ಹುಟ್ಟುವ ಮೊದಲೇ ಬಿಡಿಸಿದ್ದಂತೆ. ತೂಕದ ಮೇಲೆ ಕೂಲಿ. "ನಿಮಗ ಮಾಲೀಕರು ಯಾರು?" ಅಂತ ಕೇಳಿದೆ; ಎರಡು ದಿನದಲ್ಲಿ ಆ ಪ್ರಶ್ನೆ ನನ್ನ ಬಾಯಿಗೆ ಅಂಟಿಕೊಂಡಿತ್ತು. "ನಮಗ ತಕ್ಕಡಿನ ಮಾಲಕ ನೋಡ್ರಿ. ಅದು ಕೆಳಗ ಇಳಿದ್ರ ಉಣ್ತೀವಿ" ಅಂತ ಅವಳು ನಕ್ಕು, ಇಳಿಯುವಾಗ ಒಂದು ಹಿಡಿ ಮೊಗ್ಗು ನನ್ನ ಅಂಗಿಯ ಜೇಬಿಗೆ ಹಾಕಿ ಹೋದಳು.

ಹಡಗಲಿಯ ಮನೆ ಒಬ್ಬ ಶಾಲಾ ಶಿಕ್ಷಕಿಯದು. ಹಿರೇಹಡಗಲಿಯಲ್ಲಿ ಪಾಠ ಮಾಡುತ್ತಿದ್ದರು, ಹೊರಡುವ ಆತುರದಲ್ಲಿದ್ದರು. ಆದರೂ ಕೂತರು. ಅವರು ಮೇಸ್ತ್ರಿ ಇಲ್ಲದೆ ನೇರವಾಗಿ ಅಣ್ಣನನ್ನು ಕರೆಸಿ ಒಂದು ಕೋಣೆಯ ಮನೆ ಕಟ್ಟಿಸಿದ್ದರು. ಫಾರಮ್ ಮುಂದಿಟ್ಟೆ. ಪೆನ್ನು ತೆಗೆದವರು ನಿಲ್ಲಿಸಿದರು.

"ತೊಂಬತ್ತು ದಿನ ಅಂತೈತಲ್ರಿ. ನಮ್ಮಲ್ಲಿ ಮಾಡಿದ್ದು ಇಪ್ಪತ್ತಾರು ದಿನ. ಕ್ಯಾಲೆಂಡರಿನಾಗ ಗುರುತು ಹಾಕಿದ್ದೆ."

"ತೊಂಬತ್ತು ಅಂತ ಬರದ್ರ ಯಾರು ಕೇಳ್ತಾರ್ರಿ ಟೀಚರ್?" ಅಂದೆ. ಅಂದ ಮೇಲೆ ನಾಚಿಕೆಯಾಯಿತು.

ಅವರು ಸಿಟ್ಟಾಗಲಿಲ್ಲ. "ಇಪ್ಪತ್ತಾರಕ್ಕ ಎಲ್ಲಿ ಬೇಕಾದರೂ ಬಂದು ಹೇಳ್ತೀನಿ. ತೊಂಬತ್ತು ಅಂತ ಬರದು ನಾಳೆ ಯಾರಾದ್ರು ಬಂದು ಕೇಳಿದ್ರ, ಆ ಇಪ್ಪತ್ತಾರೂ ಸುಳ್ಳಾಗತಾವ" ಅಂದರು. ಬೇರೆ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಮಾಡಿಕೊಟ್ಟರು. ಹೀಗೆ ನನ್ನ ಹತ್ತಿರ ಎರಡು ನಿಜವಾದ ಹಾಳೆಗಳು, ಒಂದು ಖಾಲಿ ಫಾರಮು ಆಯಿತು.

ಹರಪನಹಳ್ಳಿಗೆ ಬಸ್ಸಿನಲ್ಲಿ ನಿಂತೇ ಹೋದೆ. ಆ ಮನೆ ತೆಲಿಗಿ ಕಡೆ ಹೋಗುವ ರಸ್ತೆಯಲ್ಲಿತ್ತು. ಹಿಂದೆ ನೋಡಿದಾಗ ಬರೀ ಇಟ್ಟಿಗೆ ಕಾಣುತ್ತಿತ್ತು, ಈಗ ಮುಂಭಾಗಕ್ಕೆ ತಿಳಿ ಹಸಿರು ಬಣ್ಣ. ಬಾಗಿಲಿಗೆ ಕಟ್ಟಿದ್ದ ತೋರಣ ಒಣಗಿತ್ತು. ಯಜಮಾನರು ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು ಎದ್ದು ನಿಂತರು.

"ಬರ್ರಿ, ಕುತ್ಕಳ್ರಿ. ಊಟ ಮಾಡ್ರಿ ಮೊದ್ಲು" ಅಂದರು. ಫಾರಮ್ ಕೊಟ್ಟೆ. ಓದಿ ಮಡಚಿ ವಾಪಸು ಚಾಚಿದರು. "ಪೊಲೀಸ್ನೋರ ಮುಂದೆ ಒಂದ್ಸಲ ಸಹಿ ಮಾಡೀನಿ. ಮೂರು ದಿನ ನಿದ್ದೆ ಬರ್ಲಿಲ್ಲ. ಇದಕ್ಕೂ ಮಾಡಿದ್ರೆ ಎಲ್ಲಾ ನನ್ನ ಮ್ಯಾಲೆ ಬರ್ತೈತೆ. ನಾನು ಮೇಸ್ತ್ರಿಗೆ ವಹಿಸಿದ್ದು. ನಿಮ್ಮಣ್ಣನ ಹೆಸ್ರೂ ಗೊತ್ತಿರ್ಲಿಲ್ಲ ನನಗೆ, ಅವತ್ತೇ ಗೊತ್ತಾಗಿದ್ದು."

ಅವರು ಕೆಟ್ಟವರಲ್ಲ. ಹೆದರಿದ್ದರು. ಅವರ ಹೆಂಡತಿ ಒಳಗೆ ಹೋಗಿ ಒಂದು ಕವರು ತಂದರು. ಟವೆಲ್, ಶರ್ಟ್ ಪೀಸು. "ಗೃಹಪ್ರವೇಶದ ದಿನ ಎಲ್ಲರ್ಗೂ ಆಯೇರಿ ಮಾಡಿದ್ವಿ. ಅವರದ್ನ ತೆಗೆದಿಟ್ಟೆ. ಹೆಂಗೆ ಕಳಿಸ್ಬೇಕು ಗೊತ್ತಾಗ್ಲಿಲ್ಲ. ಬ್ಯಾಡ ಅನ್ಬ್ಯಾಡ್ರಿ ಅಣ್ಣಾ" ಅಂದರು. ತೆಗೆದುಕೊಂಡೆ. ನೀಲಿ ಗೆರೆಯ ಬಟ್ಟೆ, ಒಳ್ಳೆಯ ನೂಲು.

ಮೇಲೆ ಹೋಗಬಹುದೇ ಅಂತ ಕೇಳಿದೆ. ಹಿಂಭಾಗದ ಗೋಡೆಗೆ ಅಲ್ಲಿಯೂ ಬಣ್ಣ ಹೊಡೆದಿರಲಿಲ್ಲ. ಚಾವಣಿಯಿಂದ ಬಗ್ಗಿ ನೋಡಿದೆ. ಎಡದ ಮೂಲೆಯಿಂದ ಗೆರೆಗಳು ಅಣ್ಣನ ಕಡೆಗೆ ಬಾಗುತ್ತಾ ಬಂದು, ಕಿಟಕಿಯ ಹತ್ತಿರ ನಿಂತಿದ್ದವು. ಅಲ್ಲಿಂದ ಮುಂದೆ ಗೆರೆಗಳು ಇನ್ನೊಂದು ಕಡೆಗೆ ಬಾಗಿದ್ದವು. ಎರಡೂ ಕೈ ಕೂಡಿದ ಜಾಗ ಗೋಡೆಯಲ್ಲಿ ಎದ್ದು ಕಾಣುತ್ತಿರಲಿಲ್ಲ. ಗೊತ್ತಿದ್ದವರಿಗೆ ಮಾತ್ರ ಕಾಣುವಂತಿತ್ತು. ಕೆಳಗೆ ಒಬ್ಬ ಹೆಣ್ಣುಮಗಳು ಪಾತ್ರೆ ತೊಳೆಯುತ್ತಿದ್ದಳು. ಸ್ವಲ್ಪ ಹೊತ್ತು ನಿಂತು ಇಳಿದೆ.

ಕೊಟ್ಟೂರಿನ ಮೇಲೆ ಹಾದು ಸಂಜೆ ಕೂಡ್ಲಿಗಿ ಸೇರಿದೆ. ಇಮಾಮ್ ಸಾಬರ ಗುಂಪಿನ ಸುದ್ದಿ ಹೇಳಿದಾಗ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, "ಆ ದುರುಗಮ್ಮಗ ಒಂದು ಡಬ್ಬಿ ಹುಣಸಿಹಣ್ಣು ಕಳಸಬೇಕು" ಅಂದಳು. ಹೊಸ ಪೀಸನ್ನು ಉಳಿದ ಏಳರ ಮೇಲೆ ಇಟ್ಟು ಟ್ರಂಕು ಮುಚ್ಚಿದಳು. ಹೊಲಿಯಲೇ ಅಂತ ನಾನು ಕೇಳಲಿಲ್ಲ.

ತಿಂಗಳ ಕೊನೆಗೆ ಮೊದಲೇ ಕಚೇರಿಗೆ ಹೋದೆ. ಗುಮಾಸ್ತರು ಎರಡೂ ಹಾಳೆಗಳನ್ನು ಪೂರ್ತಿ ಓದಿದರು, ಒಂಬತ್ತು ಗುರುತುಗಳನ್ನು ಬೆರಳಿಟ್ಟು ನೋಡಿದರು. "ಇವೆಲ್ಲ ಖರೇನ ಅದಾವ್ರಿ. ಆದ್ರ ಇವನ್ನ ಅಂಟಿಸಾಕ ಜಾಗ ಇಲ್ಲ" ಅಂದು ಫಾರಮಿನೊಳಗೆ ಮಡಿಸಿ ವಾಪಸು ಕೊಟ್ಟರು. ಅದು ಈಗ ನನ್ನ ಅಳತೆ ಪುಸ್ತಕದ ನಡುವೆ ಇದೆ. ಅಣ್ಣನ ಹೆಸರು ಬರೆದಾಗಿದೆ, ವಯಸ್ಸು ಬರೆದಾಗಿದೆ, ಬಿದ್ದ ದಿನ ಬರೆದಾಗಿದೆ. ಕೆಲಸ ಕೊಟ್ಟವರ ಹೆಸರು ಇನ್ನೂ ಇಲ್ಲ.