ಸೌಪರ್ಣಿಕೆಯ ತಿರುವಿನಲ್ಲಿ

ದಡದಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಂಗೈ ಉರಿಯುತ್ತಿದೆ, ಆದರೂ ಮನಸ್ಸು ಹಿಗ್ಗಿದೆ.

ನಾನು ಕಲಬುರಗಿಯವಳು, ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಮರವಂತೆಯ ಗಿರಿಜಕ್ಕ ತಮ್ಮ ದೋಣಿಯಲ್ಲಿ ಸೌಪರ್ಣಿಕಾ ನದಿಯ ಗುಂಟ ನನ್ನನ್ನು ಕಾಡಿನೊಳಕ್ಕೆ ಕರೆತಂದಿದ್ದರು. ಮಳೆಯಿಲ್ಲದಿದ್ದರೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ತಿರುವಿನಲ್ಲಿ ಬಳ್ಳಿ ಸುತ್ತಿಕೊಂಡು ಎಂಜಿನ್ ನಿಂತಿತು; ಸೆಳೆತ ನಮ್ಮನ್ನು ಬಂಡೆಯತ್ತ ಒಯ್ಯತೊಡಗಿತು. ಗಿರಿಜಕ್ಕ ತಾವೊಂದು ಬಿದಿರಿನ ಗಳ ಹಿಡಿದು, ಇನ್ನೊಂದನ್ನು ನನಗೆ ಕೊಟ್ಟರು.

“ನನಗ ಬರಂಗಿಲ್ರಿ ಅಕ್ಕಾ,” ಎಂದೆ.

“ನೀರ್ ಕಾಂಬುದ್ ಬ್ಯಾಡ, ಆಚಿ ಮರ ಕಾಣಿ. ಗಳ ನೆಲಕ್ಕೆ ಊರಿ ದೂಡಿ.”

ಮೊದಲ ಸಲ ಗಳ ಜಾರಿತು. ಎರಡನೆಯ ಸಲ ಮೈಭಾರವನ್ನೆಲ್ಲ ಹಾಕಿ ದೂಡಿದೆ. ಬಂಡೆ ಇನ್ನು ಒಂದು ಗೇಣು ಎನ್ನುವಾಗ ದೋಣಿ ಹೊರಳಿ, ಸೆಳೆತ ದಾಟಿ, ಶಾಂತ ನೀರಿಗೆ ಬಂತು. ನಾನು ಕಾಡು ಕೇಳುವಷ್ಟು ನಕ್ಕೆ.

ಗಿರಿಜಕ್ಕ ಗಳ ಕೆಳಗಿಟ್ಟು ಎಲೆಯಡಿಕೆಯ ಚೀಲ ಬಿಚ್ಚಿದರು. “ದಡದ ತನಕ ಇನ್ನ್ ನೀವೇ ದೂಡಿ. ನಾನ್ ಕವಳ ಹಾಯ್ಕಂತೆ.”