ಸೋದರಮಾವನ ಮುಂದಿನ ಕುರ್ಚಿ

ಬಶೀರಾಬಾದಿನ ಕುರಿಗಾರ ಮರೆಪ್ಪನಿಗೆ ಬರುತ್ತಿದ್ದ ವಿದ್ಯೆ ಎರಡೇ: ಟಗರು ನೋಡಿ ಅದರ ಮುತ್ತಜ್ಜನ ತನಕ ಹೇಳುವುದು, ಸೋದರಮಾವನಾಗಿ ಎಲ್ಲರಿಗಿಂತ ಮುಂದೆ ಕೂರುವುದು. ತಂಗಿಯ ಮಗ ಭೀಮೇಶನ ಜಾವಳ ತೆಗೆದದ್ದು ಅವನ ತೊಡೆಯ ಮೇಲೆಯೇ. ಆದರೆ ಭೀಮೇಶನ ಮದುವೆಗೆ ಅವನು ಬರುವುದು ತುಸು ತಡವಾಯಿತೆಂದು, ಸೋದರಮಾವ ಕಟ್ಟಬೇಕಾದ ಬಾಸಿಂಗವನ್ನು ಹುಡುಗನ ಕಾಕಾ, ಅಂದರೆ ಅಪ್ಪನ ತಮ್ಮ, ಕಾಶಪ್ಪ ಕಟ್ಟಿಬಿಟ್ಟ. "ನಿಮ್ಮ ವಂಶಾನ ಉಲ್ಟಾ" ಎಂದು ಚಪ್ಪರದಲ್ಲೇ ಕೂಗಿ ಎದ್ದುಬಂದ ಮರೆಪ್ಪ, ನಾಲ್ಕು ವರ್ಷ ಧಾರೂರಿನ ಕಾಶಪ್ಪನ ಮನೆಯ ನೀರು ಮುಟ್ಟಲಿಲ್ಲ. ಹಟಮಾರಿ, ಏನು ಮಾಡುವುದು.

ಭೀಮೇಶನ ಹೆಂಡತಿ ಲಾವಣ್ಯಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ತಾಂಡೂರಿನ ಡಾಕ್ಟರ್ ಸ್ವಾತಿ ಇಬ್ಬರ ರಕ್ತವನ್ನೂ ತಪಾಸಣೆಗೆ ಕಳಿಸಿದರು. ಲಾವಣ್ಯಳದು ಸರಿಯಿತ್ತು. ಭೀಮೇಶನ ವೈ ವರ್ಣತಂತುವಿನಲ್ಲಿ ಒಂದು ತುಂಡು ತಿರುವುಮುರುವಾಗಿ ಕೂತಿತ್ತು. ಅದೇನೆಂದು ಕೇಳಲು ಹೋಗುವಾಗ ಭೀಮೇಶ ಮರೆಪ್ಪನನ್ನೂ ದವಾಖಾನೆಗೆ ಕರೆದುಕೊಂಡು ಹೋದ.

"ಇಕಿಗೆ ನಾ ಯಾಕ ಗಂಟುಬಿದ್ನೋ ಮಾವಾ," ಎಂದು ಭೀಮೇಶ ತಲೆ ತಗ್ಗಿಸಿದ. 

"ಇದು ಅಪ್ಪನಿಂದ ಬಂದಿದ್ರ ಚಿಂತಿಲ್ಲ. ಇವರಲ್ಲೇ ಹೊಸದಾಗಿ ಆಗಿದ್ರ ಇನ್ನಷ್ಟು ನೋಡಬೇಕಾಗ್ತದ. ಮನ್ಯಾಗಿನ ಹಿರಿ ಗಂಡಸರ ರಕ್ತ ಬೇಕ್ರಿ," ಎಂದರು ಡಾಕ್ಟರ್.

ಭೀಮೇಶನ ಅಪ್ಪ ತೀರಿಹೋಗಿ ಹತ್ತು ವರ್ಷ. ಮುಂದಿನ ಕುರ್ಚಿಯಲ್ಲಿದ್ದ ಮರೆಪ್ಪ ಅಂಗಿಯ ತೋಳು ಮಡಚಿ ಕೈ ಚಾಚಿದ.

"ನಿಮ್ಮದು ಬ್ಯಾಡ್ರಿ. ವೈ ಅಪ್ಪನಿಂದ ಮಗಗ ಹೋಗ್ತದ. ನೀವು ತಾಯಿ ಕಡಿಯವ್ರು."

"ಎಲ್ಲಾದಕ್ಕೂ ಸೋದರಮಾವನ ಬೇಕಲ್ರಿ?"

"ಇದೊಂದಕ್ಕ ಬ್ಯಾಡ್ರಿ."

ಮರೆಪ್ಪನ ಮುಖ ಪೆಚ್ಚಾಯಿತು. ಆದರೆ ಟಗರಿನ ತಳಿ ಬಲ್ಲವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡುಸಾಲಿನಲ್ಲಿ ಬಂದದ್ದನ್ನು ಗಂಡುಸಾಲಿನಲ್ಲೇ ಹುಡುಕಬೇಕು. ಆ ಸಾಲಿನಲ್ಲಿ ಉಳಿದ ಹಿರಿಯ ಕಾಶಪ್ಪ ಒಬ್ಬನೇ.

ಮರುದಿನ ಬೆಳಗ್ಗೆ ಧಾರೂರಿನ ಬಸ್ಸು ಹತ್ತಿದ. ಕಾಶಪ್ಪ ನೀರು ಕೊಟ್ಟ. ಮರೆಪ್ಪ ತಂಬಿಗೆ ಎತ್ತಿ ಗಟಗಟ ಕುಡಿದ.

"ಭೀಮೇಶನ ಸಲುವಾಗಿ ನಿನ್ನ ರಕ್ತ ಬೇಕಾಗ್ಯಾದ, ಕಾಶಪ್ಪ."

"ನಾಕು ವರ್ಷ ಕುಡದಿದ್ದು ಸಾಲ್ಲಿಲ್ಲೇನು?" ಎನ್ನುತ್ತಲೇ ಕಾಶಪ್ಪ ಚಪ್ಪಲಿ ಮೆಟ್ಟಿದ.

ಮೂರು ವಾರಕ್ಕೆ ವರದಿ ಬಂತು. ಕಾಶಪ್ಪನಲ್ಲೂ ಅದೇ ತುಂಡು, ಅದೇ ತಿರುವು. ಅವನಿಗೋ ಐದು ಮಕ್ಕಳು.

"ಇದು ನಿಮ್ಮ ಮನಿತನದ ಗುರುತು, ರೋಗ ಅಲ್ರಿ. ಬಸಿರು ನಿಲ್ಲದಿದ್ದಕ್ಕ ಇದು ಕಾರಣ ಅಲ್ಲ. ಧೈರ್ಯಾಗಿ ಇರ್ರಿ," ಎಂದರು ಡಾಕ್ಟರ್. ಲಾವಣ್ಯ ಸೆರಗಿನಲ್ಲಿ ಮುಖ ಮುಚ್ಚಿ ಅತ್ತು, ಆಮೇಲೆ ನಕ್ಕಳು. ಭೀಮೇಶ ಎಷ್ಟೋ ದಿನದ ಮೇಲೆ ತಲೆ ಎತ್ತಿ ಅವಳನ್ನು ನೋಡಿದ.

"ನಿಮ್ಮ ವಂಶ ಉಲ್ಟಾ ಅಂತ ನಾ ಅವತ್ತೇ ಹೇಳಿದ್ನಲ್ಲ," ಎಂದ ಮರೆಪ್ಪ.

"ಈಗ ಡಾಕ್ಟರ್ರೂ ಸಹಿ ಹಾಕ್ಯಾರ," ಎಂದ ಕಾಶಪ್ಪ, ಬಾಗಿಲ ಬಳಿ ನಿಂತೇ.

ಮರೆಪ್ಪ ಎದ್ದು ಮುಂದಿನ ಕುರ್ಚಿಯನ್ನು ಅವನತ್ತ ಸರಿಸಿದ.

"ಬಾ, ಕೂಡು. ಇವತ್ತು ಇದು ನಿನ್ನ ಜಾಗಾ."